ಗಾಳಿಪಟ ಸವಾರಿ: ಪಟ ಮತ್ತು ಹಲಗೆಯ ಅಳತೆಯನ್ನು ಆರಿಸುವ ಬಗೆ

ಬಯಲುಸೀಮೆಯಿಂದಲೂ ಮಲೆನಾಡಿನಿಂದಲೂ ಉದ್ಯೋಗವನ್ನರಸಿ ಚೆನ್ನೈ ಮಹಾನಗರಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಹಿರಿಯರಿಗೆ ಕಡಲೆಂಬುದು ಸಂಜೆಯ ವೇಳೆ ದಡದಲ್ಲಿ ಕುಳಿತು ನೋಡತಕ್ಕ ವಸ್ತು. ಬೆಸೆಂಟ್ ನಗರದ ಎಲಿಯಟ್ಸ್ ಕಡಲತೀರದಲ್ಲಿ ಮರಳಿನ ಮೇಲೆ ಒಂದಿಷ್ಟು ನಡೆದು, ಗಾಳಿಯನ್ನು ಸೇವಿಸಿ, ಅಷ್ಟಲಕ್ಷ್ಮಿಯ ದರ್ಶನ ಮಾಡಿ ಹಿಂದಿರುಗುವುದರಲ್ಲಿ ಅವರಿಗೆ ತೃಪ್ತಿ. ಆದರೆ ಅದೇ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕಡಲು ಆಟದ ಮೈದಾನವಾಗಿದೆ. ಕೋವಳಂ ತೀರದಲ್ಲಿ ಅಲೆಸವಾರಿ ಕಲಿತವರು ಕೆಲವರು. ರಾಮೇಶ್ವರದ ಕಡೆಗೆ ಹೋಗಿ ಕೈಟ್‌ಬೋರ್ಡಿಂಗ್ ಎಂಬ ಗಾಳಿಪಟ ಸವಾರಿಯನ್ನು ಕಲಿಯಲು ಹಂಬಲಿಸುವವರು ಮತ್ತೆ ಕೆಲವರು. ಇದು ಸಂತೋಷದ ಸಂಗತಿಯೇ. ಹಗಲೆಲ್ಲ ಕುರ್ಚಿಗೆ ಅಂಟಿಕೊಂಡು ದುಡಿಯುವ ಶರೀರಕ್ಕೆ ಇಂತಹ ವ್ಯಾಯಾಮ ಹಿತಕರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಆಟದ ಮೊದಲ ಪಾಠವು ನೀರಿನಲ್ಲಿ ಆರಂಭವಾಗುವುದಿಲ್ಲ. ತಕ್ಕಡಿಯ ಮೇಲೆ ಮತ್ತು ಕಾಗದದ ಮೇಲೆ ಆರಂಭವಾಗುತ್ತದೆ. ಎಷ್ಟು ಚದರ ಮೀಟರಿನ ಪಟ, ಎಷ್ಟು ಉದ್ದದ ಹಲಗೆ ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯದೆ ನೀರಿಗಿಳಿದವನ ಧೈರ್ಯವಾಗಲಿ, ತೋಳ್ಬಲವಾಗಲಿ ಅವನನ್ನು ಕಾಯಲಾರದು. ಈ ಎರಡು ಉತ್ತರಗಳನ್ನು ಯಾರಾದರೂ ಸ್ವತಃ ಲೆಕ್ಕ ಹಾಕಿ ಕಂಡುಕೊಳ್ಳಬಹುದು. ಅದರ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಟದ ಸ್ವರೂಪ

ಕಾಲುಗಳನ್ನು ಒಂದು ಹಲಗೆಯ ಮೇಲಿನ ಪಟ್ಟಿಗಳಲ್ಲಿ ಸಿಕ್ಕಿಸಿಕೊಂಡು, ಸೊಂಟಕ್ಕೆ ಬಿಗಿದ ಪಟ್ಟಾದ ಕೊಕ್ಕೆಯ ಮೂಲಕ ಒಂದು ದೊಡ್ಡ ಗಾಳಿಪಟಕ್ಕೆ ಬಂಧಿತನಾಗಿ, ಅದರ ಸೆಳೆತದಿಂದ ನೀರಿನ ಮೇಲೆ ಜಾರುತ್ತ ಸಾಗುವುದೇ ಈ ಆಟ. ಪಟಕ್ಕೂ ಸವಾರನಿಗೂ ನಡುವೆ ಸಾಮಾನ್ಯವಾಗಿ 20ರಿಂದ 24 ಮೀಟರ್ ಉದ್ದದ ಗಟ್ಟಿಯಾದ ದಾರಗಳಿರುತ್ತವೆ. ಕೈಯಲ್ಲಿರುವ ದಂಡವನ್ನು ಹತ್ತಿರಕ್ಕೆ ಎಳೆದುಕೊಂಡರೆ ಪಟದ ಬಲ ಹೆಚ್ಚುತ್ತದೆ. ದೂರಕ್ಕೆ ತಳ್ಳಿದರೆ ತಗ್ಗುತ್ತದೆ. ನೀರಿಗೆ ಬಿದ್ದರೂ ಮುಳುಗದೆ, ಮತ್ತೆ ಮೇಲೇರಬಲ್ಲ ಗಾಳಿ ತುಂಬಿದ ಅಂಚಿನ ಪಟಕ್ಕೆ ಫ್ರಾನ್ಸಿನ ಬ್ರುನೊ ಮತ್ತು ಡೊಮಿನಿಕ್ ಲೆಗೆನ್ಯು ಸಹೋದರರು 1984ರಲ್ಲಿ ಪೇಟೆಂಟ್ ಕೋರಿದರು. ಆ ಬಳಿಕ ಬೆಳೆದ ಈ ಕ್ರೀಡೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆಯಿತು. ಅದರ ಸ್ಪರ್ಧೆಗಳು ಮಾರ್ಸೇಲ್ ಬಂದರಿನಲ್ಲಿ ನಡೆದವು.

ಗಾಳಿಪಟದ ಶಾಸ್ತ್ರ ಕನ್ನಡಿಗರಿಗೆ ಹೊಸದೇನಲ್ಲ. ಆಷಾಢದ ಗಾಳಿ ಬೀಸಿತೆಂದರೆ ಹಳೆಯ ಮೈಸೂರು ಸೀಮೆಯ ಊರೂರುಗಳಲ್ಲಿ ಪಟಗಳು ಬಾನಿಗೇರುತ್ತಿದ್ದವು. ದೊಡ್ಡಬಳ್ಳಾಪುರದಲ್ಲಿ ಈಗಲೂ ಆಷಾಢದ ಗಾಳಿಪಟೋತ್ಸವ ಪ್ರಸಿದ್ಧವಾಗಿದೆ. ಮಂಗಳೂರಿನ ಪಣಂಬೂರು ತೀರದಲ್ಲಿಯೂ ದೊಡ್ಡ ದೊಡ್ಡ ಪಟಗಳ ಉತ್ಸವಗಳು ನಡೆದಿವೆ. ಗಾಳಿ ಬಿರುಸಾದ ದಿನ ಬಾಲಂಗೋಚಿಯನ್ನು ಉದ್ದ ಮಾಡಬೇಕು, ಸೂತ್ರವನ್ನು ಸರಿಪಡಿಸಬೇಕು, ದೊಡ್ಡ ಪಟವನ್ನು ಮನೆಯಲ್ಲಿಟ್ಟು ಚಿಕ್ಕದನ್ನು ತರಬೇಕು ಎಂಬುದು ಹಳ್ಳಿಯ ಹುಡುಗನಿಗೂ ತಿಳಿದ ವಿಷಯ. ಅಲ್ಲಿ ಲೆಕ್ಕ ತಪ್ಪಿದರೆ ದಾರ ಹರಿಯುತ್ತಿತ್ತು, ಪಟ ಮರಕ್ಕೆ ಸಿಕ್ಕುತ್ತಿತ್ತು; ನಷ್ಟ ನಾಲ್ಕಾಣೆ. ಇಲ್ಲಿ ದಾರದ ಕೊನೆಗೆ ಕಟ್ಟಿರುವುದು ಮನುಷ್ಯನನ್ನೇ.

ಗಾಳಿಯ ಬಲದ ಲೆಕ್ಕ

ಗಾಳಿಯ ವೇಗವನ್ನು ನಾವಿಕರು ನಾಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಹವಾಮಾನ ವರದಿಯಲ್ಲಿ ಗಂಟೆಗೆ 28 ಕಿಲೋಮೀಟರ್ ಎಂದಿದ್ದರೆ ಅದು ಸುಮಾರು 15 ನಾಟ್ ಎಂದು ತಿಳಿಯತಕ್ಕದ್ದು.

ಇಲ್ಲಿ ಮರೆಯಬಾರದ ನಿಯಮವೊಂದಿದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟು. ಬ್ಯಾಂಕಿನಲ್ಲಿ ವ್ಯವಹರಿಸುವವರಿಗೆ ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ಅಂತರ ಗೊತ್ತು. ಗಾಳಿಯನ್ನು ಸರಳ ಬಡ್ಡಿಯ ಲೆಕ್ಕದಲ್ಲಿ ಎಣಿಸಿಕೊಂಡು ಹೋದವನು ಕಷ್ಟಕ್ಕೆ ಸಿಲುಕುತ್ತಾನೆ.

ಅಂಕಿಗಳಲ್ಲಿ ಹೇಳುವುದಾದರೆ, 15 ನಾಟ್ ಗಾಳಿಯು ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 3.6 ಕಿಲೋಗ್ರಾಂ ತೂಕದಷ್ಟು ಒತ್ತಡವನ್ನು ಹೇರುತ್ತದೆ. 12 ಚದರ ಮೀಟರಿನ ಪಟವಾದರೆ ಸೆಳೆತ ಸುಮಾರು 43 ಕಿಲೋಗ್ರಾಂ. ಅದೇ ಪಟ ಆಕಾಶದಲ್ಲಿರುವಾಗ ಗಾಳಿ 30 ನಾಟ್‌ಗೆ ಏರಿತೆನ್ನೋಣ. ಸೆಳೆತವು 172 ಕಿಲೋಗ್ರಾಂ ಆಗುತ್ತದೆ. ಅಷ್ಟು ತೂಕದ ಮನುಷ್ಯನು ವಿರಳ. ಆಗ ಪಟವನ್ನು ಸವಾರನು ಹಿಡಿದಿರುವುದಿಲ್ಲ. ಪಟವೇ ಅವನನ್ನು ಎತ್ತಿಕೊಂಡು ಹೋಗುತ್ತದೆ. ನೆನಪಿಗಾಗಿ ಇನ್ನೊಂದು ಉದಾಹರಣೆ: 2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತವು ಚೆನ್ನೈಗೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 100 ಕಿಲೋಮೀಟರ್ ಮೀರಿತ್ತು. 15 ನಾಟ್ ಗಾಳಿಗೆ ಹೋಲಿಸಿದರೆ ಅದರ ವೇಗ ಮೂರೂವರೆ ಪಟ್ಟು ಮಾತ್ರ. ಒತ್ತಡವಾದರೋ ಹದಿಮೂರು ಪಟ್ಟು. ನಗರದ ಬೃಹತ್ ಮರಗಳು ಬುಡಸಮೇತ ಉರುಳಿದುದರಲ್ಲಿ ಆಶ್ಚರ್ಯವೇನಿದೆ?

ಮೇಲಿನ ಅಂಕಿಗಳು ಪಟವು ಒಂದೇ ಕಡೆ ನಿಂತಿರುವಾಗಿನ ಸ್ಥೂಲ ಅಂದಾಜು. ಪಟವನ್ನು ಆಕಾಶದಲ್ಲಿ ಅತ್ತಿತ್ತ ಬೀಸಿದರೆ ಅದು ತನ್ನ ಚಲನೆಯಿಂದಲೇ ಹೆಚ್ಚಿನ ಗಾಳಿಯನ್ನು ಎದುರುಗೊಂಡು ಇನ್ನಷ್ಟು ಬಲವಾಗಿ ಸೆಳೆಯುತ್ತದೆ.

ದೇಹದ ತೂಕ ಮತ್ತು ಪಟದ ಅಳತೆ

ಪಟದ ಆಯ್ಕೆಗೆ ಬೇಕಾದುದು ಎರಡೇ ಸಂಖ್ಯೆಗಳು: ಸವಾರನ ಇಂದಿನ ತೂಕ ಮತ್ತು ಆ ಹೊತ್ತಿನ ಗಾಳಿಯ ವೇಗ. ಎತ್ತರ, ವಯಸ್ಸು, ಗಂಡು ಹೆಣ್ಣೆಂಬ ಭೇದ ಇವಾವುವೂ ಮುಖ್ಯವಲ್ಲ. ಸವಾರರಲ್ಲಿ ಬಳಕೆಯಲ್ಲಿರುವ ಸ್ಥೂಲ ಸೂತ್ರ ಹೀಗಿದೆ: ಕಿಲೋಗ್ರಾಂಗಳಲ್ಲಿ ದೇಹದ ತೂಕವನ್ನು 2.2ರಿಂದ ಗುಣಿಸಿ, ಬಂದ ಮೊತ್ತವನ್ನು ನಾಟ್‌ಗಳಲ್ಲಿ ಗಾಳಿಯ ವೇಗದಿಂದ ಭಾಗಿಸಬೇಕು. ದೊರೆಯುವ ಸಂಖ್ಯೆಯೇ ಚದರ ಮೀಟರ್‌ಗಳಲ್ಲಿ ಪಟದ ಅಳತೆ. ಈ ಸೂತ್ರದಂತೆ ಲೆಕ್ಕ ಹಾಕಿದ ಪಟ್ಟಿಯನ್ನು ಕೆಳಗೆ ಕೊಟ್ಟಿದೆ. ಪ್ರತಿ ಸಾಲಿನ ಮೂರು ಸಂಖ್ಯೆಗಳು ಕ್ರಮವಾಗಿ 12, 16 ಮತ್ತು 20 ನಾಟ್ ಗಾಳಿಗೆ ಒಪ್ಪುವ ಅಳತೆಗಳು.

50 ಕಿಲೋ ತೂಕದವರಿಗೆ: 9, 7, 5.5 ಚದರ ಮೀಟರ್.
60 ಕಿಲೋ ತೂಕದವರಿಗೆ: 11, 8, 6.5 ಚದರ ಮೀಟರ್.
70 ಕಿಲೋ ತೂಕದವರಿಗೆ: 13; 9.5, 7.5 ಚದರ ಮೀಟರ್.
80 ಕಿಲೋ ತೂಕದವರಿಗೆ: 14.5, 11, 9 ಚದರ ಮೀಟರ್.
90 ಕಿಲೋ ತೂಕದವರಿಗೆ: 16.5, 12.5, 10 ಚದರ ಮೀಟರ್.

ಸೂಕ್ಷ್ಮವಾಗಿ ಆಲೋಚಿಸುವ ಓದುಗರಿಗೆ ಇಲ್ಲೊಂದು ಸಂಶಯ ಮೂಡಬಹುದು. ಗಾಳಿಯ ಬಲವು ವೇಗದ ವರ್ಗದಂತೆ ಏರುವುದಾದರೆ, ಪಟದ ಅಳತೆಯನ್ನು ಮಾತ್ರ ವೇಗದ ಪ್ರಮಾಣದಲ್ಲಷ್ಟೇ ಇಳಿಸುವುದು ಹೇಗೆ ಸರಿ? ಸಂಶಯ ನ್ಯಾಯವಾದುದೇ. 75 ಕಿಲೋ ತೂಕದವನಿಗೆ 15 ನಾಟ್‌ನಲ್ಲಿ ಸೂತ್ರವು ಹೇಳುವ ಪಟ 11 ಚದರ ಮೀಟರ್. ಅದರ ಸೆಳೆತ ಸುಮಾರು 40 ಕಿಲೋಗ್ರಾಂ. 25 ನಾಟ್‌ನಲ್ಲಿ ಅದೇ ಸೂತ್ರವು 6.6 ಚದರ ಮೀಟರ್ ಎನ್ನುತ್ತದೆ. ಆದರೆ ಸೆಳೆತ ಸುಮಾರು 66 ಕಿಲೋಗ್ರಾಂ. ಅಂದರೆ ಬಿರುಗಾಳಿಯಲ್ಲಿ ‘ಸರಿಯಾದ’ ಪಟವೂ ಹೆಚ್ಚು ಬಲವಾಗಿಯೇ ಎಳೆಯುತ್ತದೆ. ಮಂದವಾದ ಗಾಳಿಯಲ್ಲಿ ಸವಾರನು ಪಟವನ್ನು ಬೀಸಿ ಬೀಸಿ ಬಲವನ್ನು ಗಳಿಸಿಕೊಳ್ಳುತ್ತಾನೆ. ಬಿರುಸಾದ ಗಾಳಿಯಲ್ಲಿ ಪಟವನ್ನು ನಿಶ್ಚಲವಾಗಿಟ್ಟು, ಹಲಗೆಯ ಅಂಚನ್ನು ನೀರಿಗೆ ಒತ್ತಿ, ದಂಡವನ್ನು ದೂರ ತಳ್ಳಿ, ಹೆಚ್ಚಿನ ಬಲವನ್ನು ತಾಳಿಕೊಳ್ಳುತ್ತಾನೆ. ಸೂತ್ರವು ಬಿಟ್ಟುಕೊಟ್ಟ ಅಂತರವನ್ನು ಸವಾರನ ನೈಪುಣ್ಯ ತುಂಬಿಕೊಡಬೇಕು. ಆ ನೈಪುಣ್ಯವಿನ್ನೂ ಬಂದಿಲ್ಲದವನು ಏನು ಮಾಡಬೇಕು? ಪಟ್ಟಿಯಲ್ಲಿರುವುದಕ್ಕಿಂತ ಒಂದು ಅಳತೆ ಚಿಕ್ಕದನ್ನು ಆರಿಸಬೇಕು, ಮತ್ತು 20 ನಾಟ್ ಮೀರಿದ ದಿನ ದಡದಲ್ಲಿಯೇ ಉಳಿಯಬೇಕು. ಸಾಲ ಕೊಡುವಾಗ ಅಡವಿನ ಪೂರ್ಣ ಬೆಲೆಗೆ ಸಾಲ ಕೊಡದೆ ಒಂದಿಷ್ಟು ಅಂತರವನ್ನು ಕಾದಿರಿಸುವ ಪದ್ಧತಿಯಿದೆಯಲ್ಲವೇ? ಅದೇ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಗಾಳಿಯು ಒಂದೇ ಸಮನೆ ಬೀಸುವುದು ಅಪರೂಪ. ಸರಾಸರಿ 12 ನಾಟ್ ಇದ್ದು ನಡುನಡುವೆ 18 ನಾಟ್‌ನ ಬೀಸು ಬರುವ ದಿನಗಳುಂಟು. ಆಗ ಕ್ಷಣಮಾತ್ರದಲ್ಲಿ ಬಲವು ಎರಡೂಕಾಲು ಪಟ್ಟಾಗುತ್ತದೆ. ಅಂತಹ ದಿನ ಸರಾಸರಿಯನ್ನು ನೋಡಿ ಪಟವನ್ನು ಆರಿಸುವುದು ತಪ್ಪು. ಬೀಸಿನ ವೇಗವನ್ನು ನೋಡಿ ಆರಿಸುವುದು ಕ್ಷೇಮ.

ಅಂಗಡಿಯ ಪಟದ ಮೇಲೆ ಬರೆದಿರುವ ಅಳತೆಯು ಬಟ್ಟೆಯನ್ನು ಚಪ್ಪಟೆಯಾಗಿ ಹಾಸಿದಾಗಿನ ವಿಸ್ತೀರ್ಣ ಎಂಬುದನ್ನೂ ಗಮನಿಸಬೇಕು. ಹಾರುವಾಗ ಪಟವು ಬಾಗುತ್ತದೆ. ಹೆಚ್ಚು ಬಾಗಿದ ಪಟವು ಗಾಳಿಗೆ ಒಡ್ಡುವ ವಿಸ್ತೀರ್ಣ ಕಡಿಮೆ. ಆದುದರಿಂದ ಒಂದೇ ಅಳತೆಯ ಎರಡು ಮಾದರಿಗಳು ಒಂದೇ ಸಮನಾಗಿ ಸೆಳೆಯಬೇಕೆಂದಿಲ್ಲ. ತಯಾರಕರು ಒದಗಿಸುವ ತೂಕ ಮತ್ತು ಗಾಳಿಯ ಕೋಷ್ಟಕವನ್ನು ಮೇಲಿನ ಸೂತ್ರದೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ಒಂದು ಮನೆಯ ಉದಾಹರಣೆ

ಒಂದು ಮನೆಯಲ್ಲಿ ಅಣ್ಣ ತಂಗಿಯರಿಬ್ಬರಿಗೂ ಈ ಆಟ ಕಲಿಯುವ ಆಸೆಯಿದೆಯೆಂದು ಊಹಿಸಿಕೊಳ್ಳಬಹುದು. ಅಣ್ಣನ ತೂಕ 82 ಕಿಲೋ, ತಂಗಿಯದು 48. ಹೊಸ ಪಟದ ಬೆಲೆ ಹೆಚ್ಚು. ಇಬ್ಬರಿಗೂ ಸೇರಿಸಿ ಒಂದನ್ನೇ ಕೊಂಡರೆ ಅರ್ಧ ಹಣ ಉಳಿಯುತ್ತದೆಂದು ಮನೆಯವರು ಭಾವಿಸುವುದು ಸಹಜ. 15 ನಾಟ್ ಗಾಳಿಗೆ ಅಣ್ಣನಿಗೆ ಬೇಕಾದುದು 12 ಚದರ ಮೀಟರಿನ ಪಟ. ಅದನ್ನೇ ಕೊಂಡು ತರುತ್ತಾರೆ.

ಈಗ ತಂಗಿಯ ಲೆಕ್ಕವನ್ನು ನೋಡಬೇಕು. ಅದೇ ಗಾಳಿಯಲ್ಲಿ ಅವಳಿಗೆ ಒಪ್ಪುವುದು 7 ಚದರ ಮೀಟರ್. 12 ಚದರ ಮೀಟರಿನ ಪಟದ ಸೆಳೆತ 43 ಕಿಲೋಗ್ರಾಂ. ಅಂದರೆ ಹೆಚ್ಚುಕಡಿಮೆ ಅವಳ ಮೈತೂಕದಷ್ಟೇ. 20 ನಾಟ್‌ನ ಒಂದು ಬೀಸು ಬಂದರೆ ಅದು ಸುಮಾರು 77 ಕಿಲೋಗ್ರಾಂ ಆಗುತ್ತದೆ. ಅವಳು ಎಷ್ಟೇ ಚುರುಕಾಗಿದ್ದರೂ ಎಷ್ಟೇ ಧೈರ್ಯವಂತೆಯಾಗಿದ್ದರೂ ನೆಲದ ಮೇಲೆ ಕಾಲೂರಿ ನಿಲ್ಲುವುದು ಅಸಾಧ್ಯ. 7 ಚದರ ಮೀಟರಿನ ಪಟವಿದ್ದಿದ್ದರೆ ಅದೇ ಬೀಸಿನ ಸೆಳೆತ ಸುಮಾರು 45 ಕಿಲೋಗ್ರಾಂಗೆ ನಿಲ್ಲುತ್ತಿತ್ತು.

ಇದಕ್ಕೆ ಪ್ರತಿಯಾಗಿ, ಮನೆಯವರು 7 ಚದರ ಮೀಟರಿನ ಪಟವನ್ನೇ ಕೊಂಡಿದ್ದರೆ ಆಗುವುದೇನು? ಅಣ್ಣನು 15 ನಾಟ್ ಗಾಳಿಯಲ್ಲಿ ಮೇಲೇಳಲಾರದೆ, ಸೊಂಟದ ಮಟ್ಟದ ನೀರಿನಲ್ಲಿ ಬೇಸರದಿಂದ ನಿಂತಿರುತ್ತಾನೆ, ಅಷ್ಟೇ. ಇಲ್ಲಿಯೇ ಈ ಶಾಸ್ತ್ರದ ಮುಖ್ಯ ತತ್ತ್ವ ಅಡಗಿದೆ. ಚಿಕ್ಕ ಪಟದ ತಪ್ಪಿಗೂ ದೊಡ್ಡ ಪಟದ ತಪ್ಪಿಗೂ ದಂಡ ಒಂದೇ ಅಲ್ಲ. ಮೊದಲನೆಯದಕ್ಕೆ ಒಂದು ಮಧ್ಯಾಹ್ನದ ನಷ್ಟ. ಎರಡನೆಯದಕ್ಕೆ ಮೂಳೆ ಮುರಿಯಬಹುದು, ಪ್ರಾಣವೇ ಹೋಗಬಹುದು. ಅನುಮಾನ ಬಂದಲ್ಲೆಲ್ಲ ಚಿಕ್ಕದರ ಕಡೆಗೇ ವಾಲಬೇಕೆಂಬುದಕ್ಕೆ ಇದೇ ಕಾರಣ. ಆದರೆ ಚಿಕ್ಕ ಪಟವನ್ನು ಹಿಡಿದು ದೂರದ ಆಳಕ್ಕೆ ಹೋಗಬಾರದು. ಗಾಳಿ ತಗ್ಗಿದರೆ ಬಿದ್ದ ಪಟ ಮತ್ತೆ ಮೇಲೇಳದೆ ಮರಳುವ ದಾರಿ ಕಷ್ಟವಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ಹಣದ ವಿಷಯದಲ್ಲಿ ಹೇಳಿದರು. ಇಲ್ಲಿ ಹಾಸಿಗೆ ಎಂಬುದು ಅವರವರ ಮೈತೂಕ. ಒಬ್ಬರ ಹಾಸಿಗೆ ಇನ್ನೊಬ್ಬರಿಗೆ ಒಪ್ಪದು.

ಹಲಗೆಯ ಅಳತೆ

ಎರಡು ತುದಿಗಳೂ ಒಂದೇ ಬಗೆಯಾಗಿದ್ದು ಎಡಕ್ಕೂ ಬಲಕ್ಕೂ ಸಾಗಬಲ್ಲ ಹಲಗೆ ಕಲಿಯುವವರಿಗೆ ಯೋಗ್ಯ. ಈ ಹಲಗೆ ದೋಣಿಯಂತೆ ತೇಲಿಸುವುದಿಲ್ಲ. ವೇಗ ಬಂದ ಮೇಲೆ ನೀರಿನ ಮೇಲ್ಮೈಯನ್ನು ಒತ್ತಿಕೊಂಡು ಜಾರುತ್ತದೆ. ವಿಸ್ತಾರವಾದ ಹಲಗೆ ಕಡಿಮೆ ವೇಗದಲ್ಲಿಯೇ ಜಾರಲಾರಂಭಿಸುತ್ತದೆ. ಆದುದರಿಂದ ಅದಕ್ಕೆ ಪಟದ ಬಲ ಕಡಿಮೆ ಸಾಕು. ಕಿರಿದಾದ ಹಲಗೆಗೆ ಹೆಚ್ಚು ವೇಗ, ಹೆಚ್ಚು ಬಲ ಬೇಕು. ಆದರೆ ಬಿರುಗಾಳಿಯಲ್ಲಿ ಅದರ ಅಂಚನ್ನು ನೀರಿಗೆ ಒತ್ತಿ ಹಿಡಿಯುವುದು ಸುಲಭ.

ಇದರಿಂದ ಹೊಸಬರಿಗೆ ಒಂದು ಸರಳ ನಿಯಮ ದೊರೆಯುತ್ತದೆ: ಪಟ ಚಿಕ್ಕದಿರಲಿ, ಹಲಗೆ ದೊಡ್ಡದಿರಲಿ. ದೊಡ್ಡ ಹಲಗೆಯು ಚಿಕ್ಕ ಪಟದ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ದೊಡ್ಡ ಪಟ ಚಿಕ್ಕ ಹಲಗೆ ಎಂಬ ಜೋಡಿ ಇದಕ್ಕೆ ತೀರ ವಿರುದ್ಧವಾದುದು. ಅದು ಪಳಗಿದವರಿಗೇ ಮೀಸಲು.

ಕಲಿಯುವವರಿಗೆ ಸ್ಥೂಲವಾಗಿ ಒಪ್ಪುವ ಉದ್ದ ಅಗಲಗಳು ಸೆಂಟಿಮೀಟರುಗಳಲ್ಲಿ ಹೀಗಿವೆ: 50 ಕಿಲೋ ತೂಕಕ್ಕೆ 132 ಉದ್ದ, 39 ಅಗಲ, 60 ಕಿಲೋಗೆ 135 ಮತ್ತು 40, 70 ಕಿಲೋಗೆ 138 ಮತ್ತು 41, 80 ಕಿಲೋಗೆ 141 ಮತ್ತು 42, 90 ಕಿಲೋಗೆ 145 ಮತ್ತು 44. ಮೊದಲ ಕೆಲವು ಪಾಠಗಳಿಗೆ ಇದಕ್ಕಿಂತ ಐದಾರು ಸೆಂಟಿಮೀಟರ್ ಉದ್ದವಾದುದು ದೊರೆತರೂ ಒಳ್ಳೆಯದೇ. ಉದ್ದಕ್ಕಿಂತಲೂ ಅಗಲದ ಪರಿಣಾಮ ಹೆಚ್ಚು. ಅಗಲದಲ್ಲಿ ಎರಡು ಸೆಂಟಿಮೀಟರ್ ಬದಲಾದರೂ ಕಾಲಿಗೆ ವ್ಯತ್ಯಾಸ ತಿಳಿಯುತ್ತದೆ. ಗಾಳಿ ಮಂದವಾಗಿರುವ ತೀರಗಳಿಗಾಗಿ 150 ಸೆಂಟಿಮೀಟರ್ ಮೀರಿದ ಅಗಲವಾದ ಹಲಗೆಗಳೂ ಇವೆ. ನೀರಿನೊಳಗೆ ರೆಕ್ಕೆಯಿದ್ದು ಸವಾರನನ್ನು ಮೇಲಕ್ಕೆತ್ತುವ ಹೊಸ ಬಗೆಯ ಹಲಗೆಗೆ ಇನ್ನೂ ಕಡಿಮೆ ಗಾಳಿ ಸಾಕು; ಆದರೆ ಅದರ ಅಂಚು ಹರಿತವಾದ್ದರಿಂದ ಮೊದಲ ಪಾಠಕ್ಕೆ ತಕ್ಕುದಲ್ಲ.

ಬೆಸೆಂಟ್ ನಗರದ ಗಾಳಿ

ಬೆಸೆಂಟ್ ನಗರದ ತೀರವು ಪೂರ್ವಕ್ಕೆ ಮುಖ ಮಾಡಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ನೆಲ ಕಾದು, ಕಡಲಿನಿಂದ ಆಗ್ನೇಯದ ತಂಗಾಳಿ ಬೀಸುತ್ತದೆ. ದಿನವಿಡೀ ಬೆಂದ ನಗರವಾಸಿಗೆ ಅದು ಅಮೃತಪ್ರಾಯವಾದುದು. ಆದರೆ ಸವಾರನನ್ನು ಅದು ದಡದತ್ತ, ಜನರತ್ತ, ಗೋಡೆಗಳತ್ತ ತಳ್ಳುತ್ತದೆ. ಪಟವನ್ನು ಏರಿಸುವಾಗ ಗಾಳಿ ಹೋಗುವ ದಿಕ್ಕಿನಲ್ಲಿ ಕನಿಷ್ಠ 50 ಮೀಟರ್ ಬಯಲಾಗಿರಬೇಕು. ಸಂಜೆಯ ಎಲಿಯಟ್ಸ್ ತೀರದಲ್ಲಿ ಅಂತಹ ತೆರಪು ಎಲ್ಲಿದೆ? ಮಕ್ಕಳು, ಮುದುಕರು, ಅಂಗಡಿಗಳು, ಊರೂರ್ ಮತ್ತು ಓಲ್ಕಾಟ್ ಕುಪ್ಪಗಳ ಮೀನುಗಾರರ ದೋಣಿ ಬಲೆಗಳು ಇವುಗಳ ನಡುವೆ ಬಿಗಿದ ದಾರಗಳು ಹಾದುಹೋದರೆ ಅವು ಕತ್ತಿಯಂತೆ ಕೊಯ್ಯಬಲ್ಲವು. ಆದುದರಿಂದ ಈ ತೀರವು ಗಾಳಿಪಟ ಸವಾರಿಗೆ ತಕ್ಕ ಸ್ಥಳವಲ್ಲ.

ಹಾಗೆಂದು ಇಲ್ಲಿ ಕಲಿಯುವುದು ಏನೂ ಇಲ್ಲವೆಂದಲ್ಲ. ಗಾಳಿಯನ್ನು ಅಳೆಯುವ ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲವಾದ ಪಾಠಶಾಲೆ ಬೇರಿಲ್ಲ. ಕಡಲ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣತೊಡಗಿದರೆ ಗಾಳಿ 7ರಿಂದ 10 ನಾಟ್. ನೊರೆ ಧಾರಾಳವಾಗಿ ಕಂಡರೆ 11ರಿಂದ 16. ಎಲ್ಲೆಲ್ಲೂ ನೊರೆಯೇ ಆಗಿ ಚಿಕ್ಕ ಮರಗಳು ತೂಗಾಡತೊಡಗಿದರೆ 17ರಿಂದ 21. ಕೈಯಲ್ಲಿ ಹಿಡಿಯುವ ಗಾಳಿಮಾಪಕವೊಂದನ್ನು ಕೊಂಡು, ಮೊದಲು ಕಣ್ಣಿನಿಂದ ಅಂದಾಜು ಮಾಡಿ, ಬಳಿಕ ಮಾಪಕದಿಂದ ತಾಳೆ ನೋಡುತ್ತ ಒಂದು ತಿಂಗಳು ಕಳೆದರೆ ಕಣ್ಣು ಪಳಗುತ್ತದೆ. ನುಂಗಂಬಾಕ್ಕಂನಲ್ಲಿರುವ ಹವಾಮಾನ ಕೇಂದ್ರದ ಮುನ್ಸೂಚನೆಯನ್ನೂ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಮೀನುಗಾರರಿಗಾಗಿ ಪ್ರಕಟಿಸುವ ಅಲೆ ಮತ್ತು ಗಾಳಿಯ ವರದಿಯನ್ನೂ ದಿನವೂ ಓದುವ ರೂಢಿ ಮಾಡಿಕೊಳ್ಳಬೇಕು.

ಈ ತೀರದ ಗಾಳಿಯಲ್ಲಿ ಮೂರು ಅಪಾಯಗಳನ್ನು ಹೊಸಬರು ವಿಶೇಷವಾಗಿ ತಿಳಿದಿರಬೇಕು. ಮೊದಲನೆಯದು, ಜೂನ್ ಜುಲೈ ತಿಂಗಳುಗಳ ಬೆಳಗಿನ ಪಡುವಣ ಗಾಳಿ. ದಡದಲ್ಲಿ ನಿಂತವರಿಗೆ ಕಡಲು ಶಾಂತವಾಗಿ ಕಾಣುತ್ತದೆ; ಆದರೆ ಆ ಗಾಳಿಯು ನೀರಿಗಿಳಿದವನನ್ನು ನಡುಗಡಲಿಗೆ ಒಯ್ಯುತ್ತದೆ. ದಡದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಎಂದಿಗೂ ಪಟವನ್ನು ಏರಿಸಕೂಡದು. ಎರಡನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಜೆಯ ಗುಡುಗು ಮಳೆ. ಪಶ್ಚಿಮದಲ್ಲಿ ಕಾರ್ಮೋಡ ಕವಿದು, ತಂಗಾಳಿ ಥಟ್ಟನೆ ನಿಂತು, ಕೆಲವೇ ನಿಮಿಷಗಳಲ್ಲಿ ಎದುರು ದಿಕ್ಕಿನಿಂದ ಬಿರುಗಾಳಿ ನುಗ್ಗುವುದುಂಟು. 12 ನಾಟ್‌ಗೆಂದು ಆರಿಸಿದ ದೊಡ್ಡ ಪಟ ಆಗ ಆಕಾಶದಲ್ಲಿದ್ದರೆ ಅದರ ಪರಿಣಾಮವನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಮೋಡ ಕಂಡೊಡನೆ ಪಟವನ್ನು ಇಳಿಸಿ, ಅದರೊಳಗಿನ ಗಾಳಿಯನ್ನು ತೆಗೆದುಬಿಡಬೇಕು. ಮೂರನೆಯದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ ವಾಯುಭಾರ ಕುಸಿತಗಳು. ಎಚ್ಚರಿಕೆ ಪ್ರಕಟವಾದ ದಿನ ಮೀನುಗಾರನೇ ಕಡಲಿಗಿಳಿಯುವುದಿಲ್ಲ. ಆಟಗಾರನಿಗೆ ಅಲ್ಲೇನು ಕೆಲಸ?

ಇದೇ ತೀರದಲ್ಲಿ ನಿಂತಿರುವ ಬಿಳಿಯ ಸ್ಮಾರಕವನ್ನು ಎಲ್ಲರೂ ನೋಡಿರುತ್ತಾರೆ. 1930ರಲ್ಲಿ, ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತನ್ನ ಪ್ರಾಣವನ್ನೇ ತೆತ್ತ ಡೆನ್ಮಾರ್ಕಿನ ಸ್ಮಿಟ್ ಎಂಬ ನಾವಿಕನ ನೆನಪಿಗೆ ಕಟ್ಟಿದ್ದು ಅದು. ಕಡಲನ್ನೇ ಬದುಕಾಗಿಸಿಕೊಂಡಿದ್ದವನನ್ನೂ ಈ ನೀರಿನ ಸೆಳೆತ ಬಿಡಲಿಲ್ಲ. ಒಬ್ಬನ ದುಡುಕಿಗೆ ತೆರಬೇಕಾಗುವ ಬೆಲೆ ಅವನೊಬ್ಬನದೇ ಅಲ್ಲ, ಕಾಪಾಡಲು ಧುಮುಕಿದವನದೂ ಹೌದು ಎಂಬುದನ್ನು ಆ ಸ್ಮಾರಕ ನೆನಪಿಸುತ್ತದೆ.

ಕಲಿಯಲು ತಕ್ಕ ತೀರವೆಂದರೆ ದಡಕ್ಕೆ ಓರೆಯಾಗಿ ಗಾಳಿ ಬೀಸುವ, ನೀರು ಆಳವಿಲ್ಲದ, ಜನಸಂದಣಿಯಿಲ್ಲದ ತೀರ. ರಾಮೇಶ್ವರದ ಸುತ್ತಣ ನೀರುಗಳು ಇಂತಹವು. ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಗಾಳಿ, ಚಳಿಗಾಲದಲ್ಲಿ ಈಶಾನ್ಯ ಗಾಳಿ ಅಲ್ಲಿ ದೊರೆಯುತ್ತವೆ. ರಜೆಗೆಂದು ತವರು ಜಿಲ್ಲೆಗೆ ಹೋಗುವವರು ಮೂಲ್ಕಿಯ ಅಲೆಸವಾರಿ ಶಾಲೆಯಲ್ಲಿ ಹಲಗೆಯ ಮೇಲೆ ನಿಲ್ಲುವ ಸಮತೋಲವನ್ನಾದರೂ ಮೊದಲು ಅಭ್ಯಸಿಸಬಹುದು.

ಶರೀರದ ಸಿದ್ಧತೆ

ಪಟದ ಲೆಕ್ಕಕ್ಕೆ ತೂಕ ಬೇಕೆಂದಾಗ ಅನೇಕರು ಮದುವೆಯ ಕಾಲದ ತೂಕವನ್ನು ಹೇಳುವ ವಾಡಿಕೆಯುಂಟು. ಆ ವಾರ ತಕ್ಕಡಿಯ ಮೇಲೆ ನಿಂತು ಕಂಡ ಸಂಖ್ಯೆಯೇ ಪ್ರಮಾಣ. ಸ್ಥೂಲಕಾಯರಿಗೆ ದೊಡ್ಡ ಪಟ ಬೇಕಾಗುತ್ತದೆ. ಆದರೆ ತೂಕದೊಂದಿಗೆ ಸ್ನಾಯುಬಲ ಬೆಳೆದಿರದಿದ್ದರೆ ಆ ಪಟವನ್ನು ಆಳುವ ಶಕ್ತಿ ಇರುವುದಿಲ್ಲ. ಅಂತಹವರು ಮೂರು ನಾಲ್ಕು ತಿಂಗಳು ನಡಿಗೆ, ಈಜು, ಸೊಂಟ ಮತ್ತು ತೊಡೆಗಳನ್ನು ಬಲಪಡಿಸುವ ವ್ಯಾಯಾಮಗಳನ್ನು ಮಾಡಿ ಬಳಿಕ ಕಲಿಯುವುದು ಲೇಸು.

ನಿಲ್ಲದೆ 200 ಮೀಟರ್ ಈಜಲಾರದವರು ಈ ಆಟಕ್ಕೆ ಇಳಿಯಬಾರದು. ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಮೂರ್ಛೆರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ ಇವುಗಳಿರುವವರೂ ಗರ್ಭಿಣಿಯರೂ ವೈದ್ಯರ ಸಲಹೆಯಿಲ್ಲದೆ ಮುಂದುವರಿಯಕೂಡದು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಿಗೆ ನೀರಿನಲ್ಲಿದ್ದಾಗ ಸಕ್ಕರೆಯ ಅಂಶ ತಟ್ಟನೆ ಇಳಿಯುವ ಅಪಾಯವಿರುವುದರಿಂದ ಅವರು ಒಬ್ಬರೇ ಹೋಗಬಾರದು. ಬೆನ್ನುನೋವಿನವರು ಸೊಂಟದ ಪಟ್ಟಾದ ಬದಲು ತೊಡೆಗಳನ್ನೂ ಆಧರಿಸಿ ಕುಳ್ಳಿರಿಸುವಂತಹ ಪಟ್ಟಾವನ್ನು ಬಳಸಿದರೆ ಸೆಳೆತವು ಕೆಳಕ್ಕೆ ಹಂಚಿಹೋಗುತ್ತದೆ. ಶಿರಸ್ತ್ರಾಣ ಮತ್ತು ತೇಲುವ ಕವಚಗಳು ಕಡ್ಡಾಯ. ಬಿಸಿಲಿನಲ್ಲಿ ಬೆವರು ಗಾಳಿಗೆ ಆರಿಹೋಗುವುದರಿಂದ ದಣಿವು ಬೇಗ ತಿಳಿಯುವುದಿಲ್ಲ. ಬಾಯಾರುವ ಮೊದಲೇ ನೀರನ್ನೋ ಎಳನೀರನ್ನೋ ಕುಡಿಯುತ್ತಿರಬೇಕು.

ಕೊಳ್ಳುವ ಮುನ್ನ

ಮೊದಲು ತರಬೇತಿ, ಬಳಿಕ ಖರೀದಿ ಎಂಬುದೇ ಸರಿಯಾದ ಕ್ರಮ. ಎರಡು ಮೂರು ಚದರ ಮೀಟರಿನ ಅಭ್ಯಾಸದ ಪಟವನ್ನು ಬಯಲಿನಲ್ಲಿ ಹಾರಿಸುವುದರಿಂದ ಆರಂಭಿಸಿ, ಶಿಕ್ಷಕರ ಉಪಕರಣಗಳಲ್ಲಿಯೇ ಕಲಿತು, ತನಗೊಪ್ಪುವ ಅಳತೆ ಯಾವುದೆಂದು ಅನುಭವದಿಂದ ತಿಳಿದ ಮೇಲೆ ಹಣ ಹೂಡಬೇಕು. ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಬ್ಬರ ಹಳೆಯ ಪಟವನ್ನು ಕೊಳ್ಳುವಾಗ ಮೂರು ವಿಷಯಗಳನ್ನು ವಿಚಾರಿಸಬೇಕು: ಮಾರುವವನ ತೂಕವೆಷ್ಟು, ಅವನು ಎಂತಹ ಗಾಳಿಯಲ್ಲಿ ಅದನ್ನು ಬಳಸುತ್ತಿದ್ದ, ಅಪಾಯದಲ್ಲಿ ಪಟದ ಬಲವನ್ನು ಒಮ್ಮೆಲೇ ಕಳಚುವ ಬಿಡುಗಡೆಯ ಕೊಂಡಿ ಸರಿಯಾಗಿ ಕೆಲಸ ಮಾಡುತ್ತದೆಯೇ. ಆ ಕೊಂಡಿಯನ್ನು ಕಣ್ಣು ಮುಚ್ಚಿ ಒಂದೇ ಕೈಯಿಂದ ಕಳಚುವ ಅಭ್ಯಾಸ ನೆಲದ ಮೇಲೆಯೇ ಆಗಬೇಕು. ಒಂದೇ ಪಟದಿಂದ ಎಲ್ಲ ಗಾಳಿಗಳನ್ನೂ ಎದುರಿಸಲಾಗದು. 70 ಕಿಲೋ ತೂಕದವನು 9 ಚದರ ಮೀಟರಿನದೊಂದನ್ನು ಮೊದಲು ಕೊಂಡು, ಅದರಲ್ಲಿ ಪಳಗಿದ ಮೇಲೆ 12 ಚದರ ಮೀಟರಿನದನ್ನು ಸೇರಿಸಿಕೊಂಡರೆ ಬಹುತೇಕ ದಿನಗಳಿಗೆ ಸಾಕಾಗುತ್ತದೆ.

ಗಾಳಿ ಬಂದಾಗ ತೂರಿಕೋ ಎಂಬ ಮಾತು ಕನ್ನಡಿಗರಿಗೆಲ್ಲ ಬಾಯಿಪಾಠ. ಆದರೆ ಕಣದಲ್ಲಿ ರಾಶಿ ತೂರುವ ರೈತನು ಗಾಳಿ ಬಂದೊಡನೆ ಮೊರವನ್ನು ಎತ್ತುವುದಿಲ್ಲ. ಹಿಡಿ ಹೊಟ್ಟನ್ನು ಬಿಟ್ಟು ನೋಡಿ, ದಿಕ್ಕನ್ನೂ ಬಿರುಸನ್ನೂ ತಿಳಿದು, ಆಮೇಲೆ ತೂರುತ್ತಾನೆ. ಬಿರುಸು ಹೆಚ್ಚಿದರೆ ಕಾಳೂ ಹಾರಿಹೋಗುತ್ತದೆಂದು ಅವನಿಗೆ ಗೊತ್ತು. ಮಹಾನಗರದಲ್ಲಿ ಬೆಳೆಯುತ್ತಿರುವ ಕನ್ನಡ ಮನೆಗಳ ಯುವಕ ಯುವತಿಯರು ಈ ಆಟವನ್ನು ಧಾರಾಳವಾಗಿ ಕಲಿಯಲಿ. ಹೆತ್ತವರು ಹೆದರಿಕೆಯಿಂದ ಬೇಡವೆನ್ನುವುದಕ್ಕಿಂತ, ಮಕ್ಕಳೊಡನೆ ಕುಳಿತು ತೂಕ, ಗಾಳಿ, ಪಟ, ಹಲಗೆ ಈ ನಾಲ್ಕು ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಬರೆಸಿ, ಲೆಕ್ಕ ತಾಳೆಯಾದ ಮೇಲೆ ಕಳುಹಿಸಿಕೊಡುವುದು ಉಚಿತವಾದ ಮಾರ್ಗ.